ಜೊತೆಗಣ್ಣಿನ ಖಾನೆ

ಮಲಪ್ರಭೆ ನೀರುಮನೆ
ಫೆಬ್ರವರಿ 30, 2317

ಮಂದಾಕಿನಿ ಅಕ್ಕನವರಿಗೆ ಚಂಪಾವತಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಲ್ಲಿನ ಹಳೆಯ ಕಪಾಟಿನಲ್ಲಿ, ಶತಮಾನಗಳ ಹಿಂದೆ ನೀವು ಬರೆದ ನೋಟ್‌ಬುಕ್ ಸಿಕ್ಕಿತು. ಬಣ್ಣದ ಕಾರ್ಖಾನೆಯ ಕೆಲಸ ಮುಗಿಸಿ ನೀವು ಸಂಜೆಯ ರಸಾಯನಶಾಸ್ತ್ರ ತರಗತಿಗೆ ಹೋಗುತ್ತಿದ್ದಿರಿ. ಕೊನೆಯ ಸಾಲು: "ಸಾಕಾಯಿತು, ನಾಳೆಯಿಂದ ಹೋಗುವುದಿಲ್ಲ." ಮುಂದಿನ ಹಾಳೆ ಖಾಲಿ ಇತ್ತು. ಅದರಲ್ಲೇ ಬರೆಯುತ್ತಿದ್ದೇನೆ.

ಅಂಥ ತರಗತಿಗೆ ನಾವು ಮರುಪಾಠ ಎನ್ನುತ್ತೇವೆ. ನೀರು ಪರೀಕ್ಷಿಸುವ ಕೆಲಸದಲ್ಲಿರುವವರು ಐದು ವರ್ಷಕ್ಕೊಮ್ಮೆ, ತಲೆ ನರೆತಿದ್ದರೂ ಸರಿ, ಮತ್ತೆ ಬೆಂಚಿನ ಮೇಲೆ ಕೂರಬೇಕು. ಪಾಠವನ್ನು ಗೋಡೆ ಹೇಳುತ್ತದೆ; ನಮ್ಮ ಕಾಲದ ಗೋಡೆ ಮಾತಾಡುವ ಯಂತ್ರ, ನೀರುಮನೆಯ ದಾಖಲೆಗಳೂ ಅದರ ಬಳಿಯೇ. ಎಷ್ಟು ಸಲ ಕೇಳಿದರೂ ಉತ್ತರ ಕೊಡುತ್ತದೆ, ಬೇಸರಪಡುವುದೇ ಇಲ್ಲ. ಅದೇ ನನಗೆ ಬೇಸರ. ಪರೀಕ್ಷೆ ಮಾತ್ರ ನಿಮ್ಮ ಕಾಲದ್ದೇ: ಫ್ಲಾಸ್ಕಿನಲ್ಲಿರುವ, ಬಣ್ಣಸೂಚಕ ಬೆರೆಸಿದ ಆಮ್ಲಕ್ಕೆ ಬ್ಯುರೆಟ್ಟಿನಿಂದ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು, ತಿಳಿಗುಲಾಬಿ ಬಣ್ಣ ಬಂದು, ಮೂವತ್ತು ಎಣಿಸುವವರೆಗೆ ನಿಂತರೆ ಪಾಸು. ಆ ಬಣ್ಣವನ್ನು ಮರುಪಾಠ ಓದಿದ ಇನ್ನೊಬ್ಬರೂ ಕಂಡು ಸಹಿ ಹಾಕಬೇಕು. ಅವರಿಗೆ ಜೊತೆಗಣ್ಣು ಎಂದು ಹೆಸರು. ಗೋಡೆಯ ಸಹಿ ನಡೆಯುವುದಿಲ್ಲ.

ನನ್ನ ಜೊತೆಗಣ್ಣು ಯಮುನವ್ವ. ಇಪ್ಪತ್ತು ವರ್ಷ ಈ ನೀರುಮನೆಯಲ್ಲಿ ನಾವಿಬ್ಬರೇ. ನನಗೆ ಬಣ್ಣ ಕಾಣುವ ಮೊದಲೇ, "ಬಂತ ನೋಡವಾ, ನಿಲ್ಲಸು" ಎನ್ನುತ್ತಿದ್ದಳು. "ಎಲ್ಲೈತಿ? ನಿನ್ನ ಕಣ್ಣಾಗ ಐತಿ" ಎಂದು ನಾನು ಜಗಳ ತೆಗೆದು ಇನ್ನೊಂದು ಹನಿ ಬಿಟ್ಟರೆ ಮುಗಿಯಿತು, ಫ್ಲಾಸ್ಕೆಲ್ಲ ಕಡುಗುಲಾಬಿ. ಆಮೇಲೆ ಅರ್ಧ ದಿನ ಬೈಗುಳ. ದೀಪಾವಳಿಗೆ ಮುಂಚೆ ಅವಳು ತೀರಿಕೊಂಡಳು. ಅಂದಿನಿಂದ ಈ ಕೋಣೆಯಲ್ಲಿ ನನ್ನನ್ನು ಯಾರೂ ಬೈದಿಲ್ಲ, ಅಕ್ಕಾ. ಬಹಳ ಒಂಟಿಯಾಗಿದ್ದೇನೆ.

ನಾಳೆ ನನ್ನ ಪರೀಕ್ಷೆ. ಎರಡು ಸಹಿ ಇಲ್ಲದಿದ್ದರೆ, ಈ ಊರಿನ ನೀರು ಕುಡಿಯಬಹುದು ಎಂದು ಬರೆದುಕೊಡುವ ನನ್ನ ಹಕ್ಕು ಹೋಗುತ್ತದೆ; ನೀರುಮನೆಗೆ ಬೀಗ ಬೀಳುತ್ತದೆ. ಮರುಪಾಠ ಓದಿದವರು ಸುತ್ತಮುತ್ತ ಬೇರೆ ಯಾರೂ ಉಳಿದಿಲ್ಲ. ಯಮುನವ್ವನ ಸಹಿ ನನಗೆ ಚೆನ್ನಾಗಿ ಬರುತ್ತದೆ, ಅವಳ ರಜೆಚೀಟಿಗಳಿಗೆ ಎಷ್ಟೋ ಸಲ ನಾನೇ ಹಾಕಿದ್ದೇನೆ. ಅವಳು ತೀರಿಕೊಂಡ ಸುದ್ದಿ ಇನ್ನೂ ಗೋಡೆಗೆ ಮುಟ್ಟಿಲ್ಲ. ಹಾಕಿಯೇಬಿಡೋಣವೆಂದು ಬೆಳಿಗ್ಗೆ ಪೆನ್ನು ಹಿಡಿದೆ. ಅದಕ್ಕೆ ಮೊದಲು ಒಮ್ಮೆ ಅಭ್ಯಾಸ ಮಾಡಿದೆ. ಮೂರು ಫ್ಲಾಸ್ಕೂ ಕಡುಗುಲಾಬಿ, ಮೂರಕ್ಕೂ ಒಂದೊಂದು ಹನಿ ಹೆಚ್ಚು. ಪೆನ್ನು ಕೆಳಗಿಟ್ಟೆ. ಅವಳು ಕಾಣದ ಬಣ್ಣಕ್ಕೆ ಅವಳ ಹೆಸರು ಬರೆದರೆ ಇಪ್ಪತ್ತು ವರ್ಷ ಅವಳು ಬೈದದ್ದೆಲ್ಲ ದಂಡ. ನಾಳೆ ಪರೀಕ್ಷೆಯ ಹಾಳೆಯಲ್ಲಿ ಜೊತೆಗಣ್ಣಿನ ಖಾನೆಯನ್ನು ಖಾಲಿಯೇ ಕೊಡುತ್ತೇನೆ.

ನಿಮ್ಮ ಪುಟಗಳಲ್ಲಿ ಒಬ್ಬಳು ಬರುತ್ತಾಳೆ. "ಪಕ್ಕದವಳು ನಕ್ಕಳು." "ಹನಿ ಹೆಚ್ಚಾಯಿತು ಅಂದಳು ಪಕ್ಕದವಳು." ಅವಳ ಹೆಸರನ್ನು ನೀವು ಎಲ್ಲೂ ಬರೆದಿಲ್ಲ. ದಣಿದಿದ್ದರೂ ನಾಳೆ ತರಗತಿಗೆ ಹೋಗಿ. ನೀವು ಹೋಗದಿದ್ದರೆ ಅವಳು ಒಬ್ಬಳೇ ಫ್ಲಾಸ್ಕು ಹಿಡಿದು ನಿಂತಿರುತ್ತಾಳೆ. ಹೋಗಿ, ಅವಳ ಹೆಸರೇನೆಂದು ಕೇಳಿ.

ಇಂತಿ,
ಚಂಪಾವತಿ

ಜೊತೆಗಣ್ಣು: