ಪಂಪ್‌ಸೆಟ್ ಮನೆಯ ತಟ್ಟೆ

ತೋಟದ ಮನೆ, ಕುಣಿಗಲ್ ತಾಲ್ಲೂಕು
28 ಅಕ್ಟೋಬರ್ 2023

ಚಿ. ಸೌ. ಮಧುಶ್ರೀಗೆ, ನಿನ್ನ ಅತ್ತೆ ಸರ್ವಮಂಗಳ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಹಾಗಲವಾಡಿಯಲ್ಲಿ ನಿನ್ನ ತಂದೆತಾಯಿ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ನೀನು ತವರಿಗೆ ಹೋಗಿ ಇಪ್ಪತ್ತೆರಡು ದಿನವಾಯಿತು. ಮೊದಲೇ ಬರೆಯಬೇಕಿತ್ತು, ತಡವಾಯಿತು. ಎರಡು ಸಲ ನಿನ್ನ ಗಂಡ ಬಸವಪ್ರಭುವಿನ ಫೋನು ಕೈಗೆ ತೆಗೆದುಕೊಂಡು ಹಾಗೇ ಕೆಳಗಿಟ್ಟೆ. ಫೋನಿನಲ್ಲಿ ನನ್ನ ದನಿ ತಾನಾಗಿ ಜೋರಾಗುತ್ತದೆ. ಕಾಗದದ ಮೇಲೆ ಆ ತೊಂದರೆ ಇಲ್ಲ.

ಅವನು ಡೈರಿಗೆ ಹಾಲು ಹಾಕಿ ಬರುತ್ತಾನೆ, ಉಣ್ಣುತ್ತಾನೆ, ಎದ್ದು ಹೋಗುತ್ತಾನೆ. ನಿನ್ನೆ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದೆ. ಅದನ್ನೂ ಅವನು ಹೇಳಲಿಲ್ಲ. ನನ್ನ ದವಡೆ ಹಲ್ಲಿನ ನೋವು ಹೋಯಿತು, ಕುಣಿಗಲ್ಲಿಗೆ ಹೋಗಿ ಕೀಳಿಸಿಕೊಂಡು ಬಂದೆ.

ರೇಷ್ಮೆ ಹುಳದ ಮನೆಯನ್ನು ತೊಳೆಸಿ, ಸುಣ್ಣ ಬಳಿಸಿ, ಬೀಗ ಹಾಕಿದ್ದೇನೆ. ನಾನು ಈ ಮನೆಗೆ ಬಂದ ನಲವತ್ತೆಂಟು ವರ್ಷಗಳಲ್ಲಿ ಒಂದು ಬೆಳೆಯೂ ಹೀಗೆ ಪೂರ್ತಿ ಹೋಗಿರಲಿಲ್ಲ. ನಮ್ಮದು ಬಿತ್ತನೆ ಗೂಡು. ಅದನ್ನು ಯಾರೂ ಕುದಿಸುವುದಿಲ್ಲ, ಚಿಟ್ಟೆ ಜೀವಂತವಾಗಿ ಹೊರಬಂದು ಮೊಟ್ಟೆ ಇಡುತ್ತದೆ. ಆ ಒಂದು ಕಾರಣಕ್ಕೇ ನಿನ್ನ ಮಾವನವರ ತಂದೆ ಈ ಕಸುಬಿಗೆ ಒಪ್ಪಿದ್ದರಂತೆ. ಹುಳಗಳು ಸೊಪ್ಪು ಬಿಟ್ಟು, ತಲೆ ಎತ್ತಿ, ಬಾಯಿಂದ ಹಸಿರು ರಸ ಕಾರತೊಡಗಿದಾಗ ನನ್ನ ಕಣ್ಣು ನೇರ ಹೋದದ್ದು ಹಿಪ್ಪುನೇರಳೆ ತೋಟದ ಬದುವಿನಾಚೆ ನೀನು ಹಾಕಿಸಿದ್ದ ಬಿಟಿ ಹತ್ತಿಯ ಮೇಲೆ.

"ಹುಳ ಸಾಯ್ಸೋ ಗಿಡ ಅಂತ ನೀನೇ ಹೇಳ್ದೆ ಕಣೇ. ರೇಷ್ಮೆದು ಹುಳ ಅಲ್ವೇನು?" ಎಂದೆ.

"ಹುಳಾನೇ ಅತ್ತೆ, ಅದಕ್ಕೇ ನಂಗೂ ಭಯ ಇದೆ," ಎಂದೆ ನೀನು. "ಆದ್ರೆ ಆ ಗಿಡದ್ದು ಏನಾದ್ರೂ ಇದರ ಹೊಟ್ಟೆಗೆ ಹೋಗ್ಬೇಕು. ಹತ್ತಿ ಹೂವಿನ ಪುಡಿ ಅಂಟಂಟು, ಗಾಳೀಲಿ ಅಷ್ಟು ಹಾರಲ್ಲ. ಪರೀಕ್ಷೆ ಮಾಡ್ ನೋಡಣ, ಆಮೇಲೆ ಬೈಯೋರಂತೆ."

ಕೃಷಿ ಡಿಪ್ಲೊಮಾ ಓದಿದ ಸೊಸೆಯ ಮಾತು ಎಸ್ಸೆಸ್ಸೆಲ್ಸಿ ಅತ್ತೆಗೆ ಹಿಡಿಸಲಿಲ್ಲ. ಅವತ್ತೇ ರೇಷ್ಮೆ ಇಲಾಖೆಯ ಲಕ್ಷ್ಮೀಕಾಂತ್ ಬಂದು ನೋಡಿದರು. ರೋಗವಲ್ಲ, ಯಾವುದೋ ವಿಷ ತಾಗಿದೆ ಎಂದರು. "ಔಷಧಿ ಏನಾದ್ರೂ ಹೊಡೆದ್ರಾ? ಮನೇಲಿ ಯಾರಾದ್ರೂ ಹೊಗೆಸೊಪ್ಪು ಹಾಕ್ತಾರಾ ಅಮ್ಮಾ? ಆ ಕೈಲಿ ಸೊಪ್ಪು ಮುಟ್ಟಿದ್ರೂ ಹಿಂಗೇ ಆಗುತ್ತೆ," ಎಂದು ಕೇಳಿದರು. ಹುಳ ಇರುವಷ್ಟು ದಿನ ಹತ್ತಿಗೆ ಒಂದು ಹನಿ ಔಷಧಿಯನ್ನೂ ಹೊಡೆಸಿಲ್ಲವೆಂದು ನೀನು ಹೇಳಿದೆ. "ಹೊಗೆಸೊಪ್ಪು ಹಾಕೋರು ಈ ಮನೇಲಿ ಯಾರೂ ಇಲ್ಲ," ಎಂದು ನಾನು ಹೇಳಿದೆ.

ಐದನೇ ದಿನ ಎಲ್ಲ ತಟ್ಟೆಗಳ ಹುಳಗಳನ್ನೂ ಗುಂಡಿಗೆ ಸುರಿದು ಮುಚ್ಚಿಸುವಾಗ, ಕೆಲಸದ ತಿಪ್ಪಮ್ಮನೂ ಅಕ್ಕಪಕ್ಕದವರೂ ನಿಂತಿದ್ದ ಹಾಗೆಯೇ ನಾನು ಆಡಿದ ಮಾತು ನಿನಗೆ ನೆನಪಿದೆ. "ಹಾಗಲವಾಡಿಯೋರು ಹುಳ ಸಾಕೋರಲ್ಲ, ಹುಳ ಕೊಲ್ಲೋರು." ನೀನು ಒಳಗೆ ಹೋಗಿ ಬಟ್ಟೆ ಜೋಡಿಸಿಕೊಂಡೆ. ಸಂಜೆ ಗುಬ್ಬಿ ಬಸ್ಸು ಹತ್ತಿದೆ.

ಅದಾಗಿ ಹತ್ತು ದಿನಕ್ಕೆ ತಿಪ್ಪಮ್ಮ ಬಾಗಿಲಲ್ಲಿ ನಿಂತು ಸೆರಗು ತಿರುವತೊಡಗಿದಳು.

"ಅಮ್ಮಾವ್ರೇ, ಬಯ್ಯಕಿಲ್ಲ ಅಂದ್ರೆ ಒಂದ್ ಮಾತು. ಪಂಪ್‌ಸೆಟ್ ಮನೇಲಿ ಚಿಕ್ಕಮ್ಮಾವ್ರು ಇಟ್ಟಿದ್ ತಟ್ಟೇಲಿ ಹುಳ ಹಣ್ಣಾಗವೆ. ಗೂಡು ಕಟ್ಟಕ್ಕೆ ಚಂದ್ರಿಕೆ ಕೊಡಿ."

"ಯಾವ ತಟ್ಟೆಯೇ?"

"ನೀವು ಹತ್ತಿ ಮೇಲೆ ಹೇಳಿದ್ರಲ್ಲ, ಅವತ್ತೇ ಇನ್ನೂ ಚೆಂದಾಗಿದ್ ಹುಳ ಆರ್ಸಿ ಇಟ್ರು. ಹತ್ತಿ ಬದೀಗಿರೋ ಹಿಪ್ನೇರಳೆ ಸೊಪ್ಪೇ ಹಾಕು, ಹೂವಿನ ಪುಡೀನೂ ಅದ್ರ ಮೇಲೆ ಉದುರ್ಸು, ನೀನೊಬ್ಳೇ ಮುಟ್ಟು ಅಂದಿದ್ರು. ಸಾಯ್ತವೆ ಅಂದ್ಕಂಡಿದ್ದೆ. ನನ್ಮಕ್ಳು ತಿಂದಿದ್ದೇ ತಿಂದಿದ್ದು!"

ಹೋಗಿ ನೋಡಿದೆ. ಸೊಳ್ಳೆಪರದೆಯ ಕೆಳಗೆ ಹುಳಗಳು ಜೇನುಬಣ್ಣಕ್ಕೆ ತಿರುಗಿ ನೂಲು ಬಿಡುತ್ತಿದ್ದವು. ನಾನು ಮುಟ್ಟಲಿಲ್ಲ. ತಿಪ್ಪಮ್ಮನ ಕೈಯಿಂದಲೇ ಬಿದಿರಿನ ಚಂದ್ರಿಕೆಗೆ ಬಿಡಿಸಿದೆ. ಗೂಡಾದರೆ ಸಾಲದು, ಚಿಟ್ಟೆ ಬರಬೇಕು ಎಂದು ಕಾದೆ. ಈ ಕಾಗದ ತಡವಾಗಲು ಅದೂ ಒಂದು ಕಾರಣ. ಇವತ್ತು ಬೆಳಗ್ಗೆ ಚಿಟ್ಟೆಗಳು ಗೂಡು ತೂತು ಮಾಡಿಕೊಂಡು ಹೊರಬಂದಿವೆ. ರೆಕ್ಕೆ ನೆಟ್ಟಗಿವೆ. ಮೊಟ್ಟೆ ಇಡುತ್ತಿವೆ.

ತಟ್ಟೆಯ ಪಕ್ಕದಲ್ಲಿ ನಿನ್ನ ನೋಟ್‌ಬುಕ್ ಇತ್ತು. ಕೇಳದೆ ಓದಿದೆ. ಹತ್ತಿಯಲ್ಲಿ ಎಷ್ಟು ಗುಲಗಂಜಿ ಹುಳ, ಎಷ್ಟು ಜೇಡ, ಎಷ್ಟು ಜೇನು ಎಂದು ವಾರವಾರವೂ ಎಣಿಸಿ ಬರೆದಿದ್ದೀಯೆ. ಮನೆಗೆಲಸ ಬಿಟ್ಟು ಹೊಲದಲ್ಲಿ ಏನು ನೋಡುತ್ತಾ ನಿಲ್ಲುತ್ತೀಯೆಂದು ನಾನು ಬೈಯುತ್ತಿದ್ದುದು ಇದಕ್ಕೇ. ಮೊನ್ನೆ ಬುಧವಾರ ನಾನೇ ಹೋಗಿ ಇಪ್ಪತ್ತು ಗಿಡ ನೋಡಿ ಬರೆದಿದ್ದೇನೆ. ಗುಲಗಂಜಿ ಹುಳ ಹನ್ನೊಂದು, ಜೇಡ ನಾಲ್ಕು. ಜೇನು ಒಂದು ಕಡೆ ನಿಲ್ಲುವುದಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದೇನೆ.

ಹಾಗೆಂದು ಆ ಬೀಜದ ಮೇಲಿನ ಅನುಮಾನವನ್ನೆಲ್ಲ ನಾನು ಬಿಟ್ಟೆನೆಂದು ತಿಳಿಯಬೇಡ. ಕಾಯಿಕೊರಕದ ಹುಳವನ್ನು ಕೊಲ್ಲುವ ಗಿಡ ಬೇರೆ ಯಾವ ಹುಳಕ್ಕೆ ಏನು ಮಾಡುತ್ತದೋ, ಹತ್ತು ವರ್ಷಕ್ಕೆ ಏನಾಗುತ್ತದೋ, ಒಂದು ತಟ್ಟೆ ಹೇಳಲಾರದು. ನೀನೇ ಕೊನೆಯ ಪುಟದಲ್ಲಿ ಬರೆದಿದ್ದೀಯಲ್ಲ, 'ಒಂದು ತಟ್ಟೆ ಸಾಲದು. ಮುಂದಿನ ಬೆಳೆಗೆ ಮೂರು ಹೂವಿನ ಪುಡಿ ಹಾಕಿ, ಮೂರು ಹಾಕದೆ ಇಡಬೇಕು' ಎಂದು. ಮುಂದಿನ ಬೆಳೆಗೆ ನೀನು ಇಲ್ಲೇ ಇರುತ್ತೀಯೆಂಬ ಲೆಕ್ಕದಲ್ಲಿ ಬರೆದ ಸಾಲು ಅದು. ಅದನ್ನು ನಾಲ್ಕು ಸಲ ಓದಿದೆ.

ದೀಪಾವಳಿಗೆ ಮುಂಚೆ ಹೊಸ ಚಾಕಿ ಮರಿಹುಳ ತರಬೇಕು. ಹುಳದ ಮನೆಯ ಬೀಗದ ಕೈಯನ್ನು ದೇವರ ಮನೆಯ ಗೂಟಕ್ಕೆ ಹಾಕಿದ್ದೇನೆ. ಅದು ಇನ್ನು ನಿನ್ನದು. ಯಾರು ಒಳಗೆ ಬರಬೇಕು, ಯಾರು ಬರಬಾರದು ಎನ್ನುವುದನ್ನು ನೀನು ಹೇಳು. ಬಸವಪ್ರಭುವನ್ನು ಕಳಿಸಲೋ, ನಾನೇ ಬರಲೋ, ತಿಳಿಸು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ಸರ್ವಮಂಗಳ

ತಾ.ಕ.: ಮೇಲಿನದನ್ನೆಲ್ಲ ಬರೆದು ಮಡಿಚಿದ ಮೇಲೂ ಅಂಟು ಹಾಕಲು ಕೈ ಬರಲಿಲ್ಲ. ಹಲ್ಲುನೋವಿಗೆಂದು ಒಂದು ತಿಂಗಳಿಂದ ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದೆ. ಅದೇ ಕೈಯಲ್ಲಿ ಸೊಪ್ಪು ಕತ್ತರಿಸಿ ಎಲ್ಲ ತಟ್ಟೆಗಳಿಗೂ ಹಾಕಿದವಳು ನಾನು. ನನ್ನ ಕೈ ತಾಗದ ತಟ್ಟೆ ಒಂದೇ, ಅದೊಂದೇ ಬದುಕಿತು. ಗುಂಡಿ ತೆಗೆದ ಹಿಂದಿನ ದಿನ ನನ್ನ ಸೀರೆ ಒಗೆಯುವಾಗ ಸೊಂಟದ ಗಂಟಿನಲ್ಲಿದ್ದ ಹೊಗೆಸೊಪ್ಪಿನ ಡಬ್ಬಿ ನಿನ್ನ ಕೈಗೆ ಸಿಕ್ಕಿತ್ತು. ಅದನ್ನು ಒರೆಸಿ ನನ್ನ ದಿಂಬಿನ ಕೆಳಗೆ ಇಟ್ಟವಳು ನೀನೇ. ಮರುದಿನ ಅಷ್ಟು ಜನರ ಮುಂದೆ ನಾನು ಆ ಮಾತು ಆಡಿದಾಗ ನಿನಗೆ ಎಲ್ಲವೂ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಬಸವಪ್ರಭುವಿಗೂ ತಿಪ್ಪಮ್ಮನಿಗೂ ನಿಜ ಹೇಳಿದ್ದೇನೆ. ಈ ತಾ.ಕ. ಭಾಗವನ್ನು ನಿನ್ನ ತಾಯಿಯವರಿಗೆ ಗಟ್ಟಿಯಾಗಿ ಓದಿ ಹೇಳು. ಅವರ ಊರಿಗೆ ನಾನು ಅಂದ ಮಾತು ಅವರ ಕಿವಿಗೂ ಬಿದ್ದಿರುತ್ತದೆ.