ಎದೆಗೆ ಕೇಳುವ ಗಿಟಾರ್

ಪ್ರೀತಿಯ ಅಮ್ಮನಿಗೆ,

"ಒಂದು ಗಿಟಾರಿಗೆ ಅಷ್ಟೊಂದು ದುಡ್ಡಾ? ಅವಳಿಗೇನು ತಲೆ ಕೆಟ್ಟಿದೆಯಾ?" ಎಂದು ನೀನು ಫೋನಿನಲ್ಲಿ ರೇಗಿದ್ದನ್ನು ನಿನ್ನ ಅಳಿಯ ಹೇಳಿದರು. ಅಂಗಡಿಯದ್ದು ಸಾಲದೇ ಎಂದೂ ಕೇಳಿದೆಯಂತೆ. ಜೀವನವಿಡೀ ಅಳತೆ ತೆಗೆದು ಬಟ್ಟೆ ಹೊಲಿದ ನೀನೇ ಹೀಗೆ ಕೇಳಿದರೆ ಹೇಗಮ್ಮ?

ಇನ್ನು ಮುಚ್ಚಿಡುವುದಿಲ್ಲ. ಎರಡು ವರ್ಷಗಳಿಂದ ನನ್ನ ಕಿವಿ ಮಂದವಾಗುತ್ತಿದೆ. ನಮ್ಮ ವಾದ್ಯತಂಡ ಬಿಟ್ಟುಬಿಡುವುದೆಂದೇ ತೀರ್ಮಾನಿಸಿದ್ದೆ. ಆಗ ಗಿಟಾರ್ ಮಾಡುವ ಮುದುಕರೊಬ್ಬರು ತಮ್ಮ ಕೆಲಸದ ಕೋಣೆಗೆ ಕರೆದರು. ಮರದ ಹಲಗೆಗಳನ್ನು ಒಂದೊಂದಾಗಿ ನನ್ನ ಎದೆಗೆ ಒತ್ತಿ ಹಿಡಿಯಲು ಹೇಳಿ, ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು.

"ಕಣ್ಣು ಮುಚ್ಕೋ ತಾಯಿ," ಎಂದು ಕಿವಿಯ ಬಳಿ ಬಾಗಿ ಕೂಗಿದರು. "ಯಾವುದು ಒಳಗಿಂದ ಮಾತಾಡುತ್ತೋ ಅದನ್ನ ಹೇಳು."

ಹದಿನೇಳನೆಯ ಹಲಗೆ ತಟ್ಟಿದಾಗ, ಪಕ್ಕೆಲುಬುಗಳ ನಡುವೆ ನಿಂತ ನೀರಿನಲ್ಲಿ ದೋಣಿಯೊಂದು ಮೆಲ್ಲಗೆ ಅಲುಗಿದ ಹಾಗಾಯಿತು. ನಾನು ನಕ್ಕುಬಿಟ್ಟೆ.

ಅದೇ ಮರವನ್ನು ನನ್ನ ಮೈಗೆ ಅಂಟಿ ಕೂರುವಂತೆ ಕೆತ್ತಿ, ತಗ್ಗು ಸ್ವರ ನುಡಿಸುವ ಬೇಸ್ ಗಿಟಾರ್ ಮಾಡಲು ಅವರಿಗೆ ಎಂಟು ತಿಂಗಳು ಹಿಡಿಯಿತು. ನಿನ್ನೆ ತಂಡದವರೊಂದಿಗೆ ಕೂತು ನುಡಿಸಿದೆ. ದಪ್ಪ ತಂತಿ ಮೀಟಿದರೆ ಸ್ವರ ಹೊಟ್ಟೆಯಿಂದ ಎದ್ದು, ನಿದ್ದೆ ಹತ್ತುವ ಹಾಗೆ ನಿಧಾನವಾಗಿ ಮೈಯೆಲ್ಲ ತುಂಬಿಕೊಳ್ಳುತ್ತದೆ. ಒಂದು ತಾಳವೂ ತಪ್ಪಲಿಲ್ಲ ಅಮ್ಮ.

ಭಾನುವಾರ ಬಾ. ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತುಕೋ, ನುಡಿಸುತ್ತೇನೆ. ಆಮೇಲೆ ಎಷ್ಟು ಬೇಕಾದರೂ ಬೈಯಿ. ಬಂದಾಗ ಕರೆಗಂಟೆ ಒತ್ತಿ ಕಾಯಬೇಡ. ಬಾಗಿಲು ತೆರೆದೇ ಇಟ್ಟಿರುತ್ತೇನೆ.

ಇಂತಿ,
ನಿನ್ನ ಹಠಮಾರಿ ಮಗಳು