ನೂರಕ್ಕೆ ನಾಲ್ಕು ಕೊಸರು

ತುಮಕೂರು
೧೮ ಜೂನ್ ೨೦೨೫, ಬುಧವಾರ

ಪ್ರೀತಿಯ ಅಪ್ಪಾಜಿ,

ಮಂಡಿನೋವು ಹೇಗಿದೆ? ಡಾಕ್ಟರು ಹೇಳಿದ ಹಾಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀರೋ, ಇಲ್ಲಾ ಪ್ರೇಮಲತಕ್ಕನಿಗೆ ಏನಾದರೂ ಸಬೂಬು ಹೇಳಿ ಮೊಮ್ಮಗಳ ಜೊತೆ ಕುಣಿಗಲ್ ಕೆರೆ ಏರಿ ಸುತ್ತುತ್ತಿದ್ದೀರೋ? ಅಕ್ಕ ನನಗೆ ಎಲ್ಲ ಚಾಡಿ ಹೇಳುತ್ತಾಳೆ. ಫೋನ್ ಬಿಟ್ಟು ಕಾಗದ ಯಾಕೆ ಅಂತ ಕೇಳಬೇಡಿ. ಫೋನಲ್ಲಿ ಕೂಗಿದರೆ ಇಡೀ ಹಾಸ್ಟೆಲ್ಲಿಗೆ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ. "ಸರಿ ಬುಡು ಮಗಾ" ಅಂತ ಇಟ್ಟುಬಿಡುತ್ತೀರಿ.

ಪತ್ರಿಕೆಗೆ ಕಳಿಸಿದ್ದ ನನ್ನ ಸಂಶೋಧನಾ ಲೇಖನ ಪರಿಶೀಲನೆಯಾಗಿ ಬಂದಿದೆ. ಪರಿಶೀಲಕರಲ್ಲಿ ಒಬ್ಬರು ಚೆನ್ನಾಗಿದೆ ಅಂದಿದ್ದಾರೆ. ಇನ್ನೊಬ್ಬರು, ಹೆಸರು ಊರು ಗೊತ್ತಿಲ್ಲದ ಪುಣ್ಯಾತ್ಮರು, ಒಂದೇ ಪ್ರಶ್ನೆ ಕೇಳಿದ್ದಾರೆ: ಎರಡು ಗುಂಪಿನ ತೆಂಗಿನ ಮರಗಳ ಕಾಯಿ ಎಣಿಸಿದವರು ಯಾರು, ಎಣಿಸಿದ ರೀತಿ ಒಂದೇನಾ? ಓದಿ ನಕ್ಕೆ. ನಮ್ಮ ಗುಬ್ಬಿ ತೋಟದಲ್ಲಿ ಬುಡಕ್ಕೆ ಸಿಪ್ಪೆ ಹೊದಿಸಿದ ಮರಗಳ ಕಾಯಿ ನಾನು ಎಣಿಸಿದೆ, ಹೊದಿಸದ ಮರಗಳದ್ದು ನೀವು. ಐವತ್ತು ವರ್ಷ ಕಾಯಿ ಎಣಿಸಿದ ಕೈಯನ್ನು ಅನುಮಾನಿಸುತ್ತಾರಲ್ಲ ಅನ್ನಿಸಿತು. ಸಿಪ್ಪೆ ಹೊದಿಸಿದರೆ ನೂರಕ್ಕೆ ನಾಲ್ಕು ಕಾಯಿ ಹೆಚ್ಚು ಅನ್ನುವುದೇ ಲೇಖನದ ತಿರುಳು. ಅದು ಅಚ್ಚಾದರೆ ಮಾತ್ರ ಪಿಎಚ್.ಡಿ. ಪ್ರಬಂಧ ಒಪ್ಪಿಸಬಹುದು, ಇಲ್ಲದಿದ್ದರೆ ಇನ್ನೊಂದು ವರ್ಷ ಮೊದಲಿಂದ ಎಣಿಸಬೇಕು. ಉತ್ತರ ಕೊಡಲು ಶುಕ್ರವಾರ ಕೊನೇ ದಿನ.

ಭಾನುವಾರ ಹೆಬ್ಬೂರಿಗೆ ಹೋಗಿದ್ದೆ. ನಿಮ್ಮ ಸ್ನೇಹಿತ ಗಂಗಹನುಮಯ್ಯನವರು ತಮ್ಮ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರು. ಅವರು ಎಣಿಸುವುದನ್ನು ಸುಮ್ಮನೆ ನೋಡುತ್ತ ನಿಂತೆ. ನೂರು ಆದಾಗಲೆಲ್ಲ ಇನ್ನೂ ನಾಲ್ಕು ಕಾಯಿ ಅದೇ ಗುಡ್ಡೆಗೆ ಎಸೆದು, ಅವನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಒಂದರಿಂದ ಶುರುಮಾಡುತ್ತಿದ್ದರು. ಕೇಳಿದ್ದಕ್ಕೆ, "ಕೊಸರು ಕಣವ್ವ, ಕೊಳ್ಳೋರಿಗೆ ಬಿಡೋದು. ನಂಗೆ ಕಲಿಸ್ದೋನೆ ನಿಮ್ಮಪ್ಪ" ಅಂದರು. ನೀವೂ ಹಾಗೇ ಎಣಿಸಿದ್ದರೆ, ಸಿಪ್ಪೆಯಿಂದ ಹೆಚ್ಚಾಯಿತು ಅಂದುಕೊಂಡ ಆ ನಾಲ್ಕು ಕಾಯಿ ಬರೀ ನಿಮ್ಮ ಕೊಸರು.

ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಊಟಕ್ಕೆ ಕೂತವಳು ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದು ಬರುತ್ತೇನೆ. ನಿಮ್ಮ ನೋಟ್‌ಬುಕ್ ಎಷ್ಟು ಸಲ ತೆಗೆದೆನೋ, ಗುಂಡಗಿನ ಅಕ್ಷರದಲ್ಲಿ ನೂರು, ನೂರು, ನೂರು ಅಂತ ಬರೆದಿದ್ದೀರಿ, ಕೊಸರಿಗೆ ಅಂತ ಎಲ್ಲೂ ಒಂದು ಗೀಟು ಹೊಡೆದಿಲ್ಲ. ಮೊದಲು ನಿಮ್ಮ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ಇಷ್ಟು ಓದಿದವಳು ಒಂದು ದಿನ ನಿಮ್ಮ ಪಕ್ಕ ನಿಂತು ಹೇಗೆ ಎಣಿಸುತ್ತೀರಿ ಅಂತ ನೋಡಲಿಲ್ಲ. "ಇಬ್ಬರೂ ಒಂದೇ ರೀತಿ ಎಣಿಸಿದ್ದೇವೆ" ಅಂತ ಒಂದು ಸಾಲು ಬರೆದರೆ ಮುಗಿಯಿತು, ಯಾರೂ ಗುಬ್ಬಿಗೆ ಬಂದು ನೋಡುವುದಿಲ್ಲ. ಆ ಸಾಲನ್ನು ಮೂರು ಸಲ ಟೈಪ್ ಮಾಡಿ ಅಳಿಸಿದೆ.

ಅಕ್ಕ ಭಾವನಿಗೆ ನಮಸ್ಕಾರ ತಿಳಿಸಿ, ಪುಟ್ಟಿಗೆ ಒಂದು ಮುತ್ತು. ಅಮ್ಮ ಗುಬ್ಬಿಯಲ್ಲಿ ಆರಾಮಾಗಿದ್ದಾಳೆ, ಹಸು ಕರು ಹಾಕಿದೆ. ನಿಮ್ಮ ಕೈ ಯಾವಾಗಲೂ ನನ್ನ ತಲೆ ಮೇಲಿರಲಿ.

ನಿಮ್ಮ ಕಿರಿಮಗಳು,
ರೂಪಶ್ರೀ

ತಾ.ಕ.: ಅಪ್ಪಾಜಿ, ನನ್ನ ಲೇಖನಕ್ಕೆ ಎಣಿಸುವಾಗಲೂ ಕೊಸರು ಬಿಟ್ಟಿರಾ? ನನ್ನ ಓದಿಗೆ ತೊಂದರೆ ಅಂತ ಗೊತ್ತಾದರೆ ನೀವು ಇಲ್ಲ ಅಂತಲೇ ಹೇಳುತ್ತೀರಿ, ನಾನೂ ನಂಬಿಬಿಡುತ್ತೇನೆ. ಅದಕ್ಕೇ ಈ ಕಾಗದ ಅಂಟಿಸುವ ಮೊದಲೇ ಲೇಖನ ವಾಪಸ್ ತೆಗೆದುಕೊಂಡೆ ಅಂತ ಸಂಪಾದಕರಿಗೆ ಬರೆದು ಕಳಿಸಿದೆ. ಇನ್ನು ನಿಮ್ಮ ಉತ್ತರದಿಂದ ಕೆಡುವಂಥದ್ದು ಏನೂ ಉಳಿದಿಲ್ಲ. ಈಗ ನಿಜ ಹೇಳಿ.